ಕೇಬಲ್ ತೆಗೆಸಿದ ಮೇಲೆ ಕಾರ್ಯಕ್ರಮಗಳನ್ನು ನೋಡುವ ಬಗೆ

ಕೇಬಲ್ ಸಂಪರ್ಕವನ್ನು ತೆಗೆಸುವ ಮೊದಲು, ಮನೆಯವರು ಕಳೆದ ವಾರ ನಿಜವಾಗಿಯೂ ಕುಳಿತು ನೋಡಿದ ಕಾರ್ಯಕ್ರಮಗಳ ಹೆಸರನ್ನೂ ಅವು ಬರುವ ವಾಹಿನಿಗಳ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಬಸವನಗುಡಿಯ ನಮ್ಮ ಮನೆಯಲ್ಲಿ ಹೀಗೆ ಬರೆದಾಗ, ದುಡ್ಡು ಕಟ್ಟುತ್ತಿದ್ದ ಅಷ್ಟೊಂದು ವಾಹಿನಿಗಳ ಪೈಕಿ ನೋಡುತ್ತಿದ್ದುದು ಐದನ್ನು ಮಾತ್ರ ಎಂದು ತಿಳಿಯಿತು. ಅವುಗಳಲ್ಲಿ ಮೂರು ಅಮ್ಮನವು. ಈ ಪಟ್ಟಿಯಿಲ್ಲದೆ ಸಿಕ್ಕ ಸಿಕ್ಕ ಆ್ಯಪ್‌ಗಳಿಗೆಲ್ಲ ಚಂದಾ ಕಟ್ಟಿದರೆ ಕೇಬಲ್‌ಗಿಂತ ಹೆಚ್ಚು ಖರ್ಚಾಗುತ್ತದೆ.

ಕನ್ನಡದ ಮನರಂಜನಾ ವಾಹಿನಿಗಳೆಲ್ಲ ಒಂದೇ ಆ್ಯಪಿನಲ್ಲಿ ಸಿಗುವುದಿಲ್ಲ. ವಾಹಿನಿ ಯಾವ ಸಂಸ್ಥೆಗೆ ಸೇರಿದ್ದೋ ಆ ಸಂಸ್ಥೆಯ ಆ್ಯಪಿನಲ್ಲಿಯೇ ಅದರ ಧಾರಾವಾಹಿಗಳನ್ನು ಹುಡುಕಬೇಕು: ಜೀ ಕನ್ನಡದವು ಜೀ5ರಲ್ಲಿ, ಉದಯದವು ಸನ್ ನೆಕ್ಸ್ಟ್‌ನಲ್ಲಿ ಇವೆ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣಗಳಿಗೆ ಮೊದಲು ಬೇರೆ ಬೇರೆ ಆ್ಯಪ್‌ಗಳು ಬೇಕಾಗಿದ್ದವು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆದ ಮೇಲೆ ಎರಡೂ ಒಂದೇ ಕಡೆ ಸಿಗುತ್ತಿವೆ. ಕನ್ನಡದ ಪ್ರಮುಖ ಸುದ್ದಿವಾಹಿನಿಗಳ ನೇರಪ್ರಸಾರ ಯೂಟ್ಯೂಬಿನಲ್ಲಿ ಉಚಿತವಾಗಿದೆ. ಚಂದನ ಬೇಕೆನ್ನುವವರಿಗೆ ಪ್ರಸಾರ ಭಾರತಿಯು 2024ರ ನವೆಂಬರಿನಲ್ಲಿ ಆರಂಭಿಸಿದ ವೇವ್ಸ್ ಆ್ಯಪ್ ಇದೆ.

ಅಂತರ್ಜಾಲವೇ ಬೇಡ ಎನ್ನುವವರಿಗೆ ಡಿಡಿ ಫ್ರೀ ಡಿಶ್ ಒಳ್ಳೆಯ ದಾರಿ. ತಟ್ಟೆ ಆಂಟೆನಾ ಮತ್ತು ಸೆಟ್‌ಟಾಪ್ ಬಾಕ್ಸಿಗೆ ಒಮ್ಮೆ ಹಣ ಕೊಟ್ಟರೆ ಆಯಿತು, ತಿಂಗಳ ಬಾಡಿಗೆಯಿಲ್ಲ. ಆದರೆ ಖಾಸಗಿ ಕನ್ನಡ ವಾಹಿನಿಗಳ ಆಸೆಯಿಂದ ಇದನ್ನು ಹಾಕಿಸಬಾರದು. ಇದರ ಜಿಸ್ಯಾಟ್-15 ಉಪಗ್ರಹವು ಬೆಂಗಳೂರಿನಿಂದ ನೋಡಿದರೆ ಆಗ್ನೇಯದಲ್ಲಿ, ಸುಮಾರು 66 ಡಿಗ್ರಿ ಎತ್ತರದಲ್ಲಿರುವುದರಿಂದ, ತಾರಸಿಯ ಆ ಮಗ್ಗುಲಿಗೆ ತೆಂಗಿನ ಮರವೋ ಎತ್ತರದ ಕಟ್ಟಡವೋ ಒತ್ತಿಕೊಂಡಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಜೋರು ಮಳೆಗೆ ಚಿತ್ರ ಸ್ವಲ್ಪ ಹೊತ್ತು ನಿಲ್ಲುವುದುಂಟು.

ಇನ್ನು ಆ್ಯಪ್‌ಗಳನ್ನು ಟಿವಿಯ ಪರದೆಗೆ ತರುವ ವಿಷಯ. ಸ್ಮಾರ್ಟ್ ಟಿವಿ ಇಲ್ಲದವರು ಹೊಸ ಟಿವಿ ಕೊಳ್ಳಬೇಕಾಗಿಲ್ಲ; ಹಳೆಯದರಲ್ಲಿ ಎಚ್‌ಡಿಎಂಐ ಕಿಂಡಿಯಿದ್ದರೆ ಫೈರ್ ಟಿವಿ ಸ್ಟಿಕ್‌ನಂಥ ಸಾಧನವನ್ನು ಅದಕ್ಕೆ ಸಿಕ್ಕಿಸಿದರೆ ಸಾಕು, ಕಿಂಡಿಯಿಲ್ಲದ ಡಬ್ಬಾ ಟಿವಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಚ್‌ಡಿಎಂಐಯಿಂದ ಎವಿಗೆ, ಅಂದರೆ ಹಳದಿ-ಬಿಳಿ-ಕೆಂಪು ತಂತಿಗಳ ಹಳೆಯ ಕಿಂಡಿಗೆ, ಬದಲಿಸುವ ಪುಟ್ಟ ಪೆಟ್ಟಿಗೆ ದೊರೆಯುತ್ತದೆ. ಅದೇ ರಸ್ತೆಯಲ್ಲಿ ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳೂ ಕಾಣುತ್ತವೆ. ನಾನೂ ಒಮ್ಮೆ ಒಂದನ್ನು ತಂದು ಮೋಸಹೋದೆ: ಯೂಟ್ಯೂಬ್ ಚೆನ್ನಾಗಿಯೇ ಕಾಣುತ್ತಿತ್ತು, ಹಣ ಕಟ್ಟಿದ ಆ್ಯಪಿನ ಚಿತ್ರ ಮಾತ್ರ ಮಬ್ಬಾಗಿತ್ತು. ಚಂದಾ ಆ್ಯಪ್‌ಗಳು ಕಳ್ಳನಕಲನ್ನು ತಡೆಯಲು ವೈಡ್‌ವೈನ್ ಎಂಬ ಬೀಗವನ್ನು ಬಳಸುತ್ತವೆ. ಅದರ ಎಲ್1 ಎಂಬ ಮೇಲ್ಮಟ್ಟದ ಪ್ರಮಾಣವಿಲ್ಲದ ಸಾಧನಕ್ಕೆ ಸಾಮಾನ್ಯವಾಗಿ ಎಚ್‌ಡಿ ಚಿತ್ರವನ್ನು ಕೊಡುವುದಿಲ್ಲ. ಕೊಳ್ಳುವಾಗ ಅಂಗಡಿಯವರನ್ನು ಇದೊಂದನ್ನು ತಪ್ಪದೆ ಕೇಳಬೇಕು.

ಎಚ್‌ಡಿ ಚಿತ್ರಕ್ಕೆ ಗಂಟೆಗೆ 3 ಜಿಬಿಯವರೆಗೂ ಡೇಟಾ ಬೇಕಾಗುವುದರಿಂದ, ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಯೋಜನೆಯನ್ನು ನಂಬಿ ಕೇಬಲ್ ತೆಗೆಸುವುದು ಜಾಣತನವಲ್ಲ. ಮನೆಗೆ ಬ್ರಾಡ್‌ಬ್ಯಾಂಡ್ ಇರಲೇಬೇಕು. ವೇಗ ಮಾತ್ರ ವಿಪರೀತ ಬೇಕಾಗಿಲ್ಲ, ಒಂದು ಟಿವಿಯ ಎಚ್‌ಡಿಗೆ 5 ಎಂಬಿಪಿಎಸ್ ಸಾಕು. ಆದರೂ ಚಿತ್ರ ಸುತ್ತುತ್ತಾ ನಿಂತರೆ ದೋಷ ಹೆಚ್ಚಾಗಿ ಮನೆಯೊಳಗಿನ ವೈಫೈಯದು. ಅಕ್ಕಪಕ್ಕದ ಮನೆಗಳ ರೂಟರುಗಳೆಲ್ಲ 2.4 ಗಿಗಾಹರ್ಟ್ಸ್ ಎಂಬ ವೈಫೈ ತರಂಗಪಟ್ಟಿಯಲ್ಲಿ ಕಿಕ್ಕಿರಿದಿರುವ ಅಪಾರ್ಟ್‌ಮೆಂಟುಗಳಲ್ಲಿ ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಬೇಕು, ಅಥವಾ ರೂಟರಿನಿಂದ ನೇರವಾಗಿ ತಂತಿ ಎಳೆಯಬೇಕು. ಕ್ರಿಕೆಟ್ ಪ್ರಿಯರು ತಿಳಿದಿರಬೇಕಾದ ಮಾತೊಂದಿದೆ: ಆ್ಯಪಿನ ನೇರಪ್ರಸಾರ ಕೇಬಲ್‌ಗಿಂತ ಅರ್ಧ ನಿಮಿಷದಷ್ಟು ಹಿಂದೆ ಬೀಳಬಹುದು, ಆಗ ಸಿಕ್ಸರ್ ಹೋಯಿತೆಂದು ಪಕ್ಕದ ಮನೆಯ ಕೇಕೆಯೇ ನಿಮಗೆ ಮೊದಲು ತಿಳಿಸುತ್ತದೆ.

ಕರೆಂಟು ಹೋದಾಗ ಟಿವಿಗೆ ಯುಪಿಎಸ್ ಇದ್ದರಷ್ಟೇ ಸಾಲದು, ರೂಟರಿಗೂ ಫೈಬರ್ ಪೆಟ್ಟಿಗೆಗೂ ಅದರಿಂದಲೇ ವಿದ್ಯುತ್ ಹೋಗಬೇಕು. ಕಟ್ಟಡದ ನೆಲಮಾಳಿಗೆಯಲ್ಲಿ ಬ್ರಾಡ್‌ಬ್ಯಾಂಡ್‌ನವರ ಸ್ವಿಚ್, ಅಂದರೆ ಸಂಪರ್ಕವನ್ನು ಮನೆಗಳಿಗೆ ಹಂಚುವ ಪೆಟ್ಟಿಗೆ, ಇದ್ದರೆ ಅದಕ್ಕೂ ಬ್ಯಾಟರಿ ಇದೆಯೇ ಎಂದು ವಿಚಾರಿಸಬೇಕು.

ಚಂದಾವನ್ನು ವರ್ಷಕ್ಕೆ ಕಟ್ಟುವ ಬದಲು ಮೊದಲು ತಿಂಗಳಿಗೆ ಕಟ್ಟಿ ನೋಡುವುದು ಒಳ್ಳೆಯದು. ಫೋನಿನಿಂದ ಆ್ಯಪನ್ನು ಅಳಿಸಿದ ಮಾತ್ರಕ್ಕೆ ಹಣ ಕಡಿತವಾಗುವುದು ನಿಲ್ಲುವುದಿಲ್ಲ. ಯುಪಿಐ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ ಅಲ್ಲಿನ ಒಪ್ಪಿಗೆಯನ್ನೂ ರದ್ದು ಮಾಡಬೇಕು. ಹಿರಿಯರು ಹೊಸ ರಿಮೋಟಿಗೆ ಒಗ್ಗಿಕೊಳ್ಳುವವರೆಗೆ, ಕಡಿಮೆಯೆಂದರೆ ಒಂದು ತಿಂಗಳು, ಕೇಬಲ್ಲನ್ನೂ ಉಳಿಸಿಕೊಂಡಿರಿ. ಆಮೇಲೆ ಸೆಟ್‌ಟಾಪ್ ಬಾಕ್ಸನ್ನು ಕೇಬಲ್‌ನವರಿಗೆ ಹಿಂದಿರುಗಿಸಿದಾಗ, ಒಪ್ಪಿಸಿದ ದಿನಾಂಕವನ್ನು ಬರೆಸಿ ರಸೀದಿ ಪಡೆಯಿರಿ.