ಬಿಡುಗಡೆಗೆ ಮುಂಚೆಯೇ ಲಿಬ್ರೆಆಫೀಸ್ ನೋಡುವ ಗುಂಪು: ತುಮಕೂರಿನಲ್ಲಿ ಕಟ್ಟಿದ್ದು ಹೇಗೆ

ಲಿಬ್ರೆಆಫೀಸ್ ಅಂದರೆ ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ಉಚಿತ ತಂತ್ರಾಂಶ. ಅದರ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ ಬರುತ್ತದೆ. ಫೆಬ್ರವರಿ ಹೊತ್ತಿಗೆ ಒಂದು, ಆಗಸ್ಟ್‌ನಲ್ಲಿ ಇನ್ನೊಂದು. 2024ರಿಂದ ಆವೃತ್ತಿಯ ನಂಬರಿನಲ್ಲೇ ವರ್ಷ, ತಿಂಗಳು ಸೇರಿರುತ್ತದೆ: 24.2, 24.8, 25.2, 25.8. ಪ್ರತಿ ಬಿಡುಗಡೆಗೂ ಮುಂಚೆ ಆಲ್ಫಾ, ಬೀಟಾ, ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್) ಅಂತ ಒಂದಾದ ಮೇಲೊಂದು ಪರೀಕ್ಷೆಯ ಹಂತಗಳಿವೆ. ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು, ದುಡ್ಡಿಲ್ಲ, ಅನುಮತಿ ಬೇಕಿಲ್ಲ. ಇದರ ಹಿಂದಿರುವ ದಿ ಡಾಕ್ಯುಮೆಂಟ್ ಫೌಂಡೇಶನ್ ಇರುವುದು ಬರ್ಲಿನ್‌ನಲ್ಲಿ. ಕೋಡ್ ಬರೆಯುವವರು ಎಲ್ಲೆಲ್ಲೋ ಇದ್ದಾರೆ. ‘ಸ್ತ್ರೀ’ ಬರೆದಾಗ ಒತ್ತುಗಳು ಒಂದರ ಮೇಲೊಂದು ಬಿದ್ದಿದ್ದರೆ ಅವರಿಗೆ ಅದು ತಪ್ಪು ಅಂತ ಗೊತ್ತಾಗುವುದಾದರೂ ಹೇಗೆ? ಕನ್ನಡ ಓದುವವರೇ ನೋಡಿ ಹೇಳಬೇಕು.

ನನ್ನದು ಬಿ.ಎಚ್. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಾಂಡ್ ಪೇಪರ್, ಪ್ರಶ್ನೆಪತ್ರಿಕೆ, ಸಂಘಗಳ ವಾರ್ಷಿಕ ವರದಿ ಇವೇ ನನ್ನ ಕೆಲಸ. ಭಾನುವಾರ ಅಂಗಡಿ ಮುಚ್ಚಿರುತ್ತದಲ್ಲ, ಆಗ ಅಲ್ಲೇ ಕೂತು ಈ ಹೊಸ ಬಿಲ್ಡ್‌ಗಳನ್ನು (ಪರೀಕ್ಷೆಗೆಂದು ಬಿಡುವ ಪ್ರತಿಗಳನ್ನು) ನೋಡುವ ಒಂದು ಸಣ್ಣ ಗುಂಪು ಕಟ್ಟಿಕೊಂಡಿದ್ದೇವೆ. ನಿಮ್ಮೂರಲ್ಲೂ ಮಾಡಬೇಕು ಅನ್ನಿಸಿದರೆ ಹೇಗೆ ಅಂತ ಹೇಳುತ್ತೇನೆ.

ಯಾರನ್ನು ಕರೆಯಬೇಕು

“ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಣ ಬನ್ನಿ” ಅಂದರೆ ಇಂಜಿನಿಯರಿಂಗ್ ಹುಡುಗರು ಬರುತ್ತಾರೆ. ತುಮಕೂರಿನಲ್ಲಿ ಅವರಿಗೇನು ಬರ? ಒಳ್ಳೆಯ ಹುಡುಗರೇ. ಆದರೆ ಅವರ ಕೈಯಲ್ಲಿ ಕನ್ನಡದಲ್ಲಿ ಮಾಡಿ ಮುಗಿಸಬೇಕಾದ ಕೆಲಸ ಇರುವುದಿಲ್ಲ. ಬಿಲ್ಡ್ ಹಾಕುತ್ತಾರೆ, ನಾಲ್ಕು ಮೆನು ಒತ್ತುತ್ತಾರೆ, “ಎಲ್ಲಾ ಸರಿ ಇದೆ ಸಾರ್” ಅನ್ನುತ್ತಾರೆ. ಸುಮ್ನೆ ಮೆನು ಒತ್ತಿದರೆ ತಪ್ಪು ಸಿಗುವುದಿಲ್ಲ. ನಾಳೆ ಬೆಳಿಗ್ಗೆ ಪ್ರಿಂಟ್‌ಗೆ ಹೋಗಬೇಕಾದ ಪುಟವನ್ನು ಜೋಡಿಸುವಾಗ ಸಿಗುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ: ಟೆಸ್ಟರ್‌ಗಳನ್ನು ಹುಡುಕಬೇಡಿ, ಕೆಲಸ ಇರುವವರನ್ನು ಹುಡುಕಿ. ನಮ್ಮಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ತಮ್ಮೂರಿನ ಇತಿಹಾಸ ಬರೆಯುತ್ತಿದ್ದಾರೆ. ಉದ್ದದ ಕಡತ, ಪುಟಪುಟಕ್ಕೂ ಅಡಿಟಿಪ್ಪಣಿ. ಗುಬ್ಬಿ ಕಡೆಯ ಹಾಲಿನ ಸೊಸೈಟಿಯ ಕಾರ್ಯದರ್ಶಿಯೊಬ್ಬರು ಸದಸ್ಯರ ಪಟ್ಟಿಯನ್ನು ಕನ್ನಡದಲ್ಲೇ ಲಿಬ್ರೆಆಫೀಸ್‌ನ ಲೆಕ್ಕಪಟ್ಟಿ ಕ್ಯಾಲ್ಕ್‌ನಲ್ಲಿ ಇಟ್ಟಿದ್ದಾರೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬರಿದ್ದಾರೆ. ಪ್ರಶ್ನೆಪತ್ರಿಕೆ ತಯಾರಿಸುವ ಒಬ್ಬ ಹೈಸ್ಕೂಲ್ ಟೀಚರ್ ಇದ್ದಾರೆ. ಎರಡು ಕಾಲಂ, ಹೊಂದಿಸಿ ಬರೆಯಿರಿ ಕೋಷ್ಟಕ, ಅ-ಆ-ಇ ನಂಬರಿಂಗ್, ಎಲ್ಲವೂ ಒಂದೇ ಪುಟದಲ್ಲಿ! ಇಂಥ ಒಂದು ಪುಟ ಸಾಕು ಹೊಸ ಬಿಲ್ಡ್‌ನ ಬಣ್ಣ ಬಯಲಾಗಲು. ಇವರಿಗೆಲ್ಲ ಇನ್‌ಸ್ಟಾಲ್ ಮಾಡಿಕೊಡಲು, ಲಾಗ್ ತೆಗೆಯಲು ಡಿಪ್ಲೊಮಾ ಹುಡುಗಿಯೊಬ್ಬಳಿದ್ದಾಳೆ. ಲಿನಕ್ಸ್ (ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ವ್ಯವಸ್ಥೆ) ಅವಳ ಕೈಯಲ್ಲಿ ಪಳಗಿದೆ.

ಹೀಗೆ ಆರೇಳು ಜನ ಸಾಕು. ಜಾಸ್ತಿ ಆದರೆ ಅವರನ್ನು ನೋಡಿಕೊಳ್ಳುವುದೇ ನಿಮ್ಮ ಕೆಲಸವಾಗುತ್ತದೆ. ಒಬ್ಬೊಬ್ಬರಿಗೂ “ಟೆಸ್ಟ್ ಮಾಡಿ” ಅನ್ನಬೇಡಿ. “ನಿಮ್ಮ ಈ ವಾರದ ಕೆಲಸವನ್ನೇ ಇದರಲ್ಲಿ ಇನ್ನೊಂದು ಸಲ ಮಾಡಿ” ಅನ್ನಿ.

ದುಡಿಯುವ ಕಂಪ್ಯೂಟರ್ ಕೆಡಬಾರದು

ಎಲ್ಲರಿಗೂ ಇರುವ ಭಯ ಇದು, ನ್ಯಾಯವಾದ ಭಯವೇ. ಆಲ್ಫಾ, ಬೀಟಾ ಮತ್ತು ದಿನದಿನವೂ ತಯಾರಾಗುವ ಡೈಲಿ ಬಿಲ್ಡ್‌ಗಳು ‘ಲಿಬ್ರೆಆಫೀಸ್‌ಡೆವ್’ ಅನ್ನುವ ಹೆಸರಿನಲ್ಲಿ ಬೇರೆಯಾಗಿ ಇನ್‌ಸ್ಟಾಲ್ ಆಗುತ್ತವೆ. ಸೆಟ್ಟಿಂಗ್‌ಗಳ ಪ್ರೊಫೈಲ್ ಕೂಡ ಬೇರೆ. ಹಳೆಯದು ಇದ್ದ ಹಾಗೇ ಇರುತ್ತದೆ. ಆರ್‌ಸಿ ಹಾಗಲ್ಲ. ವಿಂಡೋಸ್‌ನಲ್ಲಿ ಆರ್‌ಸಿ ಹಾಕಿದರೆ ಅದು ಹಳೆಯ ಲಿಬ್ರೆಆಫೀಸನ್ನು ತೆಗೆದು ಅದರ ಜಾಗದಲ್ಲೇ ಕೂರುತ್ತದೆ. ಆದ್ದರಿಂದ ದುಡಿಯುವ ಕಂಪ್ಯೂಟರಿನಲ್ಲಿ ಬೀಟಾವರೆಗೆ ಮಾತ್ರ. ಆರ್‌ಸಿಗೆ ಬೇರೆ ಮೆಷಿನ್ ಅಥವಾ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಇರಲಿ.

ಕಡತದ ವಿಷಯದಲ್ಲೂ ಅಷ್ಟೇ. ಮೂಲ ಕಡತವನ್ನು ಹೊಸ ಬಿಲ್ಡ್‌ನಲ್ಲಿ ತೆರೆಯಲೇಬೇಡಿ. ‘ಪರೀಕ್ಷೆ’ ಅಂತ ಒಂದು ಫೋಲ್ಡರ್ ಮಾಡಿ, ನಕಲನ್ನು ಅಲ್ಲಿಟ್ಟು ಕೆಲಸ ಮಾಡಿ.

ಒಂದು ಕಿರಿಕಿರಿ ಮುಂಚೆಯೇ ತಿಳಿದಿರಲಿ. ನಮ್ಮ ಕಡೆ ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 7 ಓಡುತ್ತಿದೆ. ಲಿಬ್ರೆಆಫೀಸ್ 25.8ರಿಂದ ವಿಂಡೋಸ್ 7, 8 ಮತ್ತು 8.1ಕ್ಕೆ ಬೆಂಬಲ ಇಲ್ಲ. ಅಂಥ ಮೆಷಿನ್ ಇರುವವರಿಗೆ ಉಬುಂಟು ಅಥವಾ ಡೆಬಿಯನ್ ಲಿನಕ್ಸ್‌ನ ಪೆನ್‌ಡ್ರೈವ್ ಮಾಡಿಕೊಡುವುದೊಂದೇ ದಾರಿ.

ಡೌನ್‌ಲೋಡನ್ನು ಒಬ್ಬರೇ ಮಾಡಿ. ಕಡತ ದೊಡ್ಡದು, ಎಲ್ಲರೂ ಮೊಬೈಲ್ ಡೇಟಾದಲ್ಲಿ ಇಳಿಸಬೇಕಾಗಿಲ್ಲ. ಇಳಿಸಿದ ಮೇಲೆ ಶಾ-256 ಮೊತ್ತ (ಕಡತ ಕೆಡದೆ ಪೂರ್ತಿ ಬಂದಿದೆಯಾ ಅಂತ ತಿಳಿಸುವ ಗುರುತು) ತಾಳೆ ನೋಡಿ, ಪೆನ್‌ಡ್ರೈವ್‌ನಲ್ಲಿ ಹಂಚಿ. ಎಲ್ಲರ ಹತ್ತಿರವೂ ಒಂದೇ ಬಿಲ್ಡ್ ಇರುವುದು ಮುಖ್ಯ. ಒಬ್ಬರಲ್ಲಿ ಬೀಟಾ, ಇನ್ನೊಬ್ಬರಲ್ಲಿ ಆಲ್ಫಾ ಇದ್ದರೆ ಇಡೀ ಭಾನುವಾರ ವಾದದಲ್ಲೇ ಕಳೆಯುತ್ತದೆ.

ಕನ್ನಡದಲ್ಲಿ ಏನೇನು ನೋಡಬೇಕು

ಮೊದಲು ಕಡತ ಯೂನಿಕೋಡ್‌ನಲ್ಲಿದೆಯಾ (ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಪದ್ಧತಿ) ನೋಡಿ. ಡಿಟಿಪಿ ಅಂಗಡಿಗಳ ಹಳೆಯ ಕಡತಗಳು ಜಾಸ್ತಿ ಇರುವುದು ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳು, ಮೇಲೆ ಕನ್ನಡದ ವೇಷ. ಅಂಥ ಕಡತ ಹೊಸ ಬಿಲ್ಡ್‌ನಲ್ಲಿ ಚೆನ್ನಾಗಿ ಕಂಡರೂ ಕನ್ನಡ ಪರೀಕ್ಷೆ ಆದ ಹಾಗಲ್ಲ. ಪರಿವರ್ತಿಸಿಕೊಂಡು ಮುಂದುವರಿಯಿರಿ.

ಆಮೇಲೆ ಆಯ್ಕೆಗಳಿಗೆ ಹೋಗಿ, ಭಾಷೆಯ ಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಕನ್ನಡ ಆರಿಸಿ. ಲಿಬ್ರೆಆಫೀಸ್ ಇಂಗ್ಲಿಷಿಗೆ ಒಂದು ಫಾಂಟ್ ಮತ್ತು ಅಳತೆ, ಕನ್ನಡಕ್ಕೆ ಬೇರೆಯೇ ಫಾಂಟ್ ಮತ್ತು ಅಳತೆ ಇಟ್ಟುಕೊಳ್ಳುತ್ತದೆ. ಹೊಸಬರಿಂದ ಬರುವ “ಬಗ್”ಗಳಲ್ಲಿ ಒಳ್ಳೆಯ ಪಾಲು ಇದೇ: ಶೈಲಿಯಲ್ಲಿ ಅಳತೆ ಬದಲಾಯಿಸಿದೆ, ಇಂಗ್ಲಿಷ್ ಪದ ದೊಡ್ಡದಾಯಿತು, ಕನ್ನಡ ಹಾಗೇ ಉಳಿಯಿತು. ಅದು ಬಗ್ ಅಲ್ಲ, ಅದರ ಏರ್ಪಾಡೇ ಹಾಗೆ. (ನನಗೂ ಇಷ್ಟವಿಲ್ಲ, ಆದರೆ ಅದು ಬೇರೆ ಜಗಳ.)

ಈಗ ಅಸಲಿ ಪರೀಕ್ಷೆ. ಒಂದು ಪುಟದ ಪದಪಟ್ಟಿ ಇಟ್ಟುಕೊಳ್ಳಿ. ನಮ್ಮದರಲ್ಲಿ ಸ್ತ್ರೀ, ರಾಷ್ಟ್ರ, ಕೃಷ್ಣ, ಜ್ಞಾನ, ಕ್ಷೇತ್ರ, ಅರ್ಕಾವತಿ, ಸ್ವಾತಂತ್ರ್ಯ ಇವೆ. ಜೊತೆಗೆ ಕಣ್ಣಿಗೆ ಕಾಣದ ಜೋಡಕಗಳು (ಅಕ್ಷರಗಳು ಹೇಗೆ ಕೂಡಬೇಕು, ಕೂಡಬಾರದು ಅಂತ ಹೇಳುವ ಸಂಕೇತಗಳು) ಬೇಕಾಗುವ ಪದಗಳು: ‘ಸಾಫ್ಟ್‌ವೇರ್’ನಲ್ಲಿ ವ ಒತ್ತಾಗಿ ಕೆಳಗೆ ಇಳಿಯಬಾರದು. ‘ರ‍್ಯಾಂಕ್’ನಲ್ಲಿ ರ ಮುಂದೆ ನಿಂತು ಯ ಒತ್ತಾಗಬೇಕು, ಅರ್ಕಾವೊತ್ತಾಗಿ ಹಿಂದಕ್ಕೆ ಓಡಬಾರದು. ಈ ಪದಗಳನ್ನು ದಪ್ಪಕ್ಷರದಲ್ಲಿ, ಓರೆಯಲ್ಲಿ, ಕೋಷ್ಟಕದ ಸಣ್ಣ ಮನೆಯಲ್ಲಿ, ಸಾಲಿನ ಕೊನೆಯಲ್ಲಿ ಇಟ್ಟು ನೋಡಿ. ಸಾಲು ಮುರಿಯುವಾಗ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಆಗಿದೆಯಾ? ಪದದ ಅರ್ಧಕ್ಕೆ ಬಣ್ಣ ಹಚ್ಚಿದರೆ ಒತ್ತು ಕಳಚಿ ಬೀಳುತ್ತದಾ?

ಟೈಪ್ ಮಾಡುವಾಗ ಕರ್ಸರ್ ಮೇಲೂ ಕಣ್ಣಿಡಿ. ಬಾಣದ ಕೀಲಿ ಒತ್ತಿದರೆ ಕರ್ಸರ್ ಒತ್ತಕ್ಷರದ ನಡುವೆ ಸಿಕ್ಕಿಕೊಳ್ಳಬಾರದು. ಬ್ಯಾಕ್‌ಸ್ಪೇಸ್ ಒತ್ತಿದಾಗ ಎಷ್ಟು ಅಳಿಯಿತು ಅನ್ನುವುದು ಹಳೆಯ ಆವೃತ್ತಿಗೂ ಹೊಸದಕ್ಕೂ ಒಂದೇ ಇರಬೇಕು. ಕೀಲಿಮಣೆಯ ಕೆಜಿಪಿ ವಿನ್ಯಾಸದವರು, ಇನ್‌ಸ್ಕ್ರಿಪ್ಟ್ ವಿನ್ಯಾಸದವರು ಇಬ್ಬರೂ ಗುಂಪಿನಲ್ಲಿದ್ದರೆ ಒಳ್ಳೆಯದು.

ಹುಡುಕುವುದನ್ನು ಮರೆಯಬೇಡಿ. ‘ಕೋ’ ಅನ್ನುವ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡುತುಂಡಾಗಿ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಒಂದನ್ನು ಹುಡುಕಿದಾಗ ಇನ್ನೊಂದು ಸಿಗುತ್ತದಾ ನೋಡಿ. ಸೊಸೈಟಿಯವರ ಪಟ್ಟಿಯಲ್ಲಿ ಹೆಸರುಗಳ ಅಕಾರಾದಿ, ಕೊಬ್ಬರಿ ಲೆಕ್ಕದಲ್ಲಿ 1,00,000 ಅಂತ ಲಕ್ಷದ ಅಲ್ಪವಿರಾಮ, ಪಿಡಿಎಫ್ ಮಾಡಿ ಅದರಿಂದ ಕಾಪಿ ಮಾಡಿದಾಗ ಅಕ್ಷರಗಳ ಕ್ರಮ, ವರ್ಡ್‌ನ ಡಾಕ್ಸ್ ಕಡತ ತೆರೆದು ಉಳಿಸಿ ಮತ್ತೆ ತೆರೆದಾಗ ಪುಟಗಳ ಸಂಖ್ಯೆ, ಇವೂ ಪಟ್ಟಿಯಲ್ಲಿರಲಿ. ಕೊನೆಗೆ ಒಂದು ಪುಟ ಪ್ರಿಂಟ್ ತೆಗೆಯಿರಿ. ಪರದೆಯಲ್ಲಿ ಸರಿಯಿದ್ದದ್ದು ಕಾಗದದಲ್ಲಿ ಕೈಕೊಡುವುದುಂಟು.

ಏನಾದರೂ ಕೆಟ್ಟದ್ದು ಕಂಡರೆ ತಕ್ಷಣ ವರದಿ ಬೇಡ. ಅದೇ ಕಡತವನ್ನು ಹಳೆಯ ಆವೃತ್ತಿಯಲ್ಲಿ ಪಕ್ಕದಲ್ಲೇ ತೆರೆಯಿರಿ. ಅಲ್ಲೂ ಹಾಗೇ ಇದ್ದರೆ ಅದು ಹಳೆಯ ತೊಂದರೆ. ಅಲ್ಲಿ ಸರಿಯಿದ್ದು ಇಲ್ಲಿ ಕೆಟ್ಟಿದ್ದರೆ ಅದು ರಿಗ್ರೆಷನ್. ಬಿಡುಗಡೆಗೆ ಮುಂಚೆ ನೀವು ಹುಡುಕಬೇಕಾದದ್ದು ಇದನ್ನೇ. ಆಮೇಲೆ ಫಾಂಟ್ ಬದಲಾಯಿಸಿ: ನೋಟೊ, ಲೋಹಿತ್, ಗುಬ್ಬಿ. ಒಂದೇ ಫಾಂಟಿನಲ್ಲಿ ಮಾತ್ರ ತಪ್ಪಿದ್ದರೆ ದೂರು ಹೋಗಬೇಕಾದದ್ದು ಫಾಂಟ್ ಮಾಡಿದವರಿಗೆ. ಇನ್ನೊಂದು ಉಪಾಯ, ಅದೇ ಪದವನ್ನು ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ನೋಡುವುದು. ಲಿಬ್ರೆಆಫೀಸ್ 2017ರ 5.3 ಆವೃತ್ತಿಯಿಂದ ಎಲ್ಲ ಕಡೆಯೂ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಅನ್ನುವ ತಂತ್ರಾಂಶ ಬಳಸುತ್ತದೆ. ಫೈರ್‌ಫಾಕ್ಸ್ ಬಳಸುವುದೂ ಅದನ್ನೇ. ಎರಡರಲ್ಲೂ ತಪ್ಪಿದ್ದರೆ ತಪ್ಪಿನ ಮೂಲ ಲಿಬ್ರೆಆಫೀಸ್‌ನಲ್ಲಿ ಇರಲಿಕ್ಕಿಲ್ಲ.

ಹೊಸ ಪ್ರೊಫೈಲ್‌ನಲ್ಲೂ ನೋಡಬೇಕು. ಸಹಾಯ ಮೆನುವಿನಲ್ಲಿ ಸೇಫ್ ಮೋಡ್‌ನಲ್ಲಿ ಮತ್ತೆ ತೆರೆಯುವ ಆಯ್ಕೆ ಇದೆ. ಅಲ್ಲಿ ತೊಂದರೆ ಮಾಯವಾದರೆ ಅದು ನಿಮ್ಮ ಸೆಟ್ಟಿಂಗ್‌ನದು.

ವರದಿ ಬರೆಯುವುದು, ಬೆನ್ನು ಹತ್ತುವುದು

ವರದಿಗಳು ಹೋಗುವುದು ಬಗ್‌ಜಿಲ್ಲಾಗೆ (ಲಿಬ್ರೆಆಫೀಸ್‌ನ ತಪ್ಪುಗಳನ್ನು ದಾಖಲಿಸುವ ಜಾಲತಾಣ), ಇಂಗ್ಲಿಷಿನಲ್ಲಿ. ಇದೇ ಅರ್ಧ ಜನರನ್ನು ಹೆದರಿಸುತ್ತದೆ. ನಾವು ಅದನ್ನು ಎರಡು ತುಂಡು ಮಾಡಿದ್ದೇವೆ. ತಪ್ಪು ಕಂಡವರು ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಮೂರು ವಿಷಯ ಹೇಳುತ್ತಾರೆ: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಬಾಯಲ್ಲಿ ಹೇಳಿದರೂ ಆಯಿತು. ಬರೆಯಲು ಬರುವವರು ಅದನ್ನು ಹೆಜ್ಜೆಹೆಜ್ಜೆಯಾಗಿ ಇಂಗ್ಲಿಷಿನಲ್ಲಿ ಬರೆದು, ‘ಲಿಬ್ರೆಆಫೀಸ್ ಬಗ್ಗೆ’ ಕಿಟಕಿಯಲ್ಲಿರುವ ಆವೃತ್ತಿ ಮಾಹಿತಿಯನ್ನು ಕಾಪಿ ಮಾಡಿ ಸೇರಿಸುತ್ತಾರೆ. ಸರಿಯಾದ ಅಕ್ಷರ ಹೇಗಿರಬೇಕು ಅನ್ನುವ ಚಿತ್ರ, ತಪ್ಪಾಗಿ ಕಂಡ ಚಿತ್ರ ಎರಡನ್ನೂ ಹಾಕಬೇಕು. ಕನ್ನಡ ಬಾರದವರಿಗೆ ವಿವರಣೆಗಿಂತ ಆ ಎರಡು ಚಿತ್ರಗಳೇ ಬೇಗ ಅರ್ಥವಾಗುತ್ತವೆ.

ಇಲ್ಲಿ ಒಂದು ಕಡೆ ನಾನು ತುಂಬಾ ಕಟ್ಟುನಿಟ್ಟು. ಬಗ್‌ಜಿಲ್ಲಾಗೆ ಸೇರಿಸಿದ ಕಡತ ಜಗತ್ತಿಗೇ ಕಾಣುತ್ತದೆ. ನಮ್ಮ ಕಡತಗಳಲ್ಲಿ ಇರುವುದು ಪಹಣಿಯ ಸರ್ವೆ ನಂಬರ್, ಆಧಾರ್, ಮಕ್ಕಳ ಅಂಕಗಳು, ಯಾರದೋ ಮನೆಯ ಕ್ರಯಪತ್ರ. ಗಿರಾಕಿಯ ಕಡತ ಯಾವ ಕಾರಣಕ್ಕೂ ಹೋಗಬಾರದು. ತಪ್ಪು ಉಳಿಯುವಷ್ಟು ಮಾತ್ರ ಇಟ್ಟು, ಮಿಕ್ಕಿದ್ದೆಲ್ಲ ಅಳಿಸುತ್ತಾ ಬನ್ನಿ. ಹೆಸರಿದ್ದ ಕಡೆ ಹಣ್ಣು ತರಕಾರಿಯ ಹೆಸರು ಹಾಕಿ. ಕೊನೆಗೆ ಎರಡು ಸಾಲಿನ ಕಡತ ಉಳಿದರೆ ಗುಟ್ಟೂ ಉಳಿಯುತ್ತದೆ, ಡೆವಲಪರ್‌ಗೂ ಸುಲಭ. ಕಡತದ ಗುಣಲಕ್ಷಣಗಳಲ್ಲಿ ಅಂಟಿಕೊಂಡಿರುವ ಬರೆದವರ ಹೆಸರನ್ನೂ ತೆಗೆಯಿರಿ.

ಹೊಸ ವರದಿ ‘ಖಚಿತವಾಗಿಲ್ಲ’ ಅನ್ನುವ ಸ್ಥಿತಿಯಲ್ಲಿ ಶುರುವಾಗುತ್ತದೆ. ಬರೆದವರೇ ಅದನ್ನು ಖಚಿತ ಮಾಡುವ ಹಾಗಿಲ್ಲ, ಇನ್ನೊಬ್ಬರು ಮಾಡಿ ನೋಡಿ ಹೌದು ಅನ್ನಬೇಕು. ಗುಂಪು ಇರುವುದು ಇದಕ್ಕೇ. ಒಬ್ಬರು ವಿಂಡೋಸ್‌ನಲ್ಲಿ ಕಂಡದ್ದನ್ನು ಇನ್ನೊಬ್ಬರು ತಮ್ಮ ಲಿನಕ್ಸ್‌ನಲ್ಲಿ, ವರದಿಯಲ್ಲಿ ಬರೆದ ಹೆಜ್ಜೆಗಳನ್ನಷ್ಟೇ ಓದಿಕೊಂಡು ಮಾಡಬೇಕು. ಪಕ್ಕದಲ್ಲಿ ಕೂತು “ಅಲ್ಲಲ್ಲ, ಅದನ್ನು ಒತ್ತು” ಅಂತ ಹೇಳಿಕೊಡುವ ಹಾಗಿಲ್ಲ. ಹೇಳಿಕೊಡಬೇಕಾಯಿತು ಅಂದರೆ ವರದಿಯಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ ಅಂತಲೇ ಅರ್ಥ, ಅಲ್ವಾ?

ವರದಿ ಹಾಕಿದ ಮೇಲೆ ಪ್ರಶ್ನೆಗಳು ಬರುತ್ತವೆ. ಉತ್ತರ ಕೊಡದೆ ತಿಂಗಳುಗಟ್ಟಲೆ ಬಿಟ್ಟರೆ ಮುಚ್ಚಿಬಿಡುತ್ತಾರೆ. ವಾರಕ್ಕೊಂದು ಸಲ ಎಲ್ಲ ವರದಿಗಳನ್ನೂ ತೆರೆದು ನೋಡುವ ಜವಾಬ್ದಾರಿ ಒಬ್ಬರಿಗೇ ಇರಲಿ. ನಮ್ಮಲ್ಲಿ ಅದು ನನ್ನದು. ಬೇಸರದ ಕೆಲಸ ನಿಜ. ಬೇರೆಯವರಿಗೆ ಕೊಟ್ಟರೆ ಅವರು ಮುಂದಿನ ಸಲ ಬರುವುದಿಲ್ಲ.

ಸಮಯದ ಬಗ್ಗೆ ಎರಡು ಮಾತು. ಫೆಬ್ರವರಿ ಬಿಡುಗಡೆಯ ಬೀಟಾ ಡಿಸೆಂಬರ್ ಹೊತ್ತಿಗೆ ಬರುತ್ತದೆ, ಆಗ ಸೇರುವುದು ಒಳ್ಳೆಯದು. ಜನವರಿಯಲ್ಲಿ ಸಂಕ್ರಾಂತಿ, ಆಮೇಲೆ ಟೀಚರ್‌ಗಳಿಗೆ ಪರೀಕ್ಷೆಗಳ ಗಡಿಬಿಡಿ. ಆಗಸ್ಟ್‌ನದಕ್ಕೆ ಜೂನ್‌ನಲ್ಲಿ. ಶಾಲೆ ಶುರುವಿನ ತಿಂಗಳು, ನನ್ನ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಹಾಗಾಗಿ ಆ ಸಲ ಮೇಷ್ಟ್ರ ಮನೆಯಲ್ಲಿ ಸೇರುತ್ತೇವೆ. ಸಂಭಾವನೆ ಅಂತ ಯಾರಿಗೂ ಏನಿಲ್ಲ. ಬೆಳಿಗ್ಗೆ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುವುದು ಮಾತ್ರ ತಪ್ಪುವುದಿಲ್ಲ.

ಸರಿಪಡಿಸಿದ್ದೇವೆ ಅಂತ ಉತ್ತರ ಬಂದರೆ ಅಲ್ಲಿಗೆ ಬಿಡಬೇಡಿ. ಆ ತಿದ್ದುಪಡಿ ಸೇರಿದ ಡೈಲಿ ಬಿಲ್ಡ್ ಇಳಿಸಿ, ಅದೇ ಎರಡು ಸಾಲಿನ ಕಡತ ತೆರೆದು, ಸರಿಯಾಗಿದೆ ಅಂತ ವರದಿಯಲ್ಲಿ ಬರೆಯಿರಿ. ಆ ಕಡತವನ್ನು ಪದಪಟ್ಟಿಯ ಜೊತೆಗೇ ಎತ್ತಿಡಿ. ಮುಂದಿನ ಆಲ್ಫಾ ಬಂದಾಗ ಮೊದಲು ಇವನ್ನೆಲ್ಲ ತೆರೆದು ನೋಡಿ, ಆಮೇಲೆ ಹೊಸದಕ್ಕೆ ಕೈ ಹಾಕಿ.