407 ದೋಷದಿಂದ ವೀಲ್ ಫೋಲ್ಡರಿನವರೆಗೆ: ಕಾರವಾರದ ಲ್ಯಾಬಿನಲ್ಲಿ ಪಿಪ್ ಓಡಿಸಿದ ಬಗೆ

"ಪ್ರಾಕ್ಸಿ ಹಿಂದೆ ಪಿಪ್ ಓಡೂದಿಲ್ಲ, ಹಾಟ್‌ಸ್ಪಾಟ್ ಹಾಕಿ ಮುಗಿಸಿ ಮಾರಾಯ್ರೆ" ಎಂದವರೇ ಹೆಚ್ಚು. ಪಿಪ್ ಅಂದರೆ ಪೈಥಾನ್ ಪ್ಯಾಕೇಜುಗಳನ್ನು ಇಳಿಸಿ ಹಾಕುವ ಉಪಕರಣ, ಪ್ರಾಕ್ಸಿ ಅಂದರೆ ಲ್ಯಾಬಿನ ಇಂಟರ್ನೆಟ್ ಕೇಳಿಕೆಗಳು ಹಾದುಹೋಗುವ ನಡುವಿನ ಸರ್ವರ್. ಈಗ ಕಾರವಾರದ ಈ ಲ್ಯಾಬಿನ 24 ಉಬುಂಟು ಗಣಕಗಳಲ್ಲೂ ಓಡುತ್ತಿದೆ, ಹಾಟ್‌ಸ್ಪಾಟ್ ಇಲ್ಲದೆ.

407 ಬಂದರೆ ಅರ್ಧ ಗೆದ್ದಂತೆ. ಪ್ರಾಕ್ಸಿ ಸಿಕ್ಕಿದೆ, ಹೆಸರು–ಪಾಸ್‌ವರ್ಡ್ ಮಾತ್ರ ಒಪ್ಪಿಲ್ಲ. ಅವನ್ನು ಪ್ರಾಕ್ಸಿ ವಿಳಾಸದೊಳಗೇ ಬರೆಯಬೇಕು, ಆದರೆ ಇಲ್ಲಿನ ಪಾಸ್‌ವರ್ಡಿನಲ್ಲಿ @ ಮತ್ತು # ಎರಡೂ ಇದ್ದವು. # ಕಂಡ ಕೂಡಲೇ ಮುಂದಿನ ವಿಳಾಸವೆಲ್ಲ ಉದುರಿಹೋಗುತ್ತದೆ. @ ಬದಲು %40, # ಬದಲು %23 ಬರೆದು, ಇಡೀ ವಿಳಾಸವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಟ್ಟ ಮೇಲೆ ಸರಿಹೋಯಿತು.

ಒಂದಿಡೀ ದಿನ ತಿಂದದ್ದು ಇನ್ನೊಂದು. ಪ್ರಾಕ್ಸಿ ವಿಳಾಸ ಇಡುವುದು ಎಚ್‌ಟಿಟಿಪಿ ಪ್ರಾಕ್ಸಿ, ಎಚ್‌ಟಿಟಿಪಿಎಸ್ ಪ್ರಾಕ್ಸಿ ಎಂಬ ಎರಡು ವೇರಿಯೇಬಲ್‌ಗಳಲ್ಲಿ. ಎಚ್‌ಟಿಟಿಪಿಎಸ್ ಪ್ರಾಕ್ಸಿ ವೇರಿಯೇಬಲ್ ಅಲ್ಲವೇ ಎಂದು ವಿಳಾಸವನ್ನೂ ಎಚ್‌ಟಿಟಿಪಿಎಸ್ ಎಂದೇ ಶುರುಮಾಡಿದ್ದೆ. ಹಳೆಯ ಪಿಪ್ ಇದನ್ನು ಸಹಿಸಿಕೊಳ್ಳುತ್ತಿತ್ತು. 20.3ರಿಂದ ಈಚಿನದು ನಿಜವಾಗಿಯೂ ಪ್ರಾಕ್ಸಿ ಜೊತೆಗೇ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ) ಮಾತಾಡಲು ಹೋಗಿ "ರಾಂಗ್ ವರ್ಷನ್ ನಂಬರ್" ಎಂದು ಬೀಳುತ್ತದೆ. ಎರಡೂ ವೇರಿಯೇಬಲ್‌ಗಳ ವಿಳಾಸ ಬರೀ ಎಚ್‌ಟಿಟಿಪಿಯಿಂದಲೇ ಶುರುವಾಗಲಿ. ಪಿಪ್‌ನ ಹಳೆಯ ಕಾನ್ಫಿಗ್ ಕಡತದಲ್ಲಿ ಯಾರೋ ಬರೆದಿಟ್ಟ ಪ್ರಾಕ್ಸಿ ಸಾಲು ಉಳಿದಿದೆಯೇ ಅಂತಲೂ ನೋಡಿ.

"ಕಲೆಕ್ಟಿಂಗ್" ಎಂದು ಬಂದು "ಡೌನ್‌ಲೋಡಿಂಗ್" ಹೊತ್ತಿಗೆ ನಿಂತರೆ ಗಣಕವನ್ನು ಬಿಡಿ, ಫೈರ್‌ವಾಲ್ ನೋಡಿ. ಪಟ್ಟಿ ಬರುವುದು ಪೈಪಿಐ ಡಾಟ್ ಆರ್ಗ್‌ನಿಂದ, ಕಡತ ಬರುವುದು ಫೈಲ್ಸ್ ಡಾಟ್ ಪೈಥಾನ್‌ಹೋಸ್ಟೆಡ್ ಡಾಟ್ ಆರ್ಗ್‌ನಿಂದ. ಎರಡೂ ತೆರೆದಿರಬೇಕು.

ಸರ್ಟಿಫಿಕೇಟ್ ದೋಷ ಕಂಡರೆ ಮೊದಲು ಗಡಿಯಾರ ನೋಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ನಾಲ್ಕೈದು ಗಣಕಗಳ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತಿತ್ತು, ಸರ್ಟಿಫಿಕೇಟ್ "ಇನ್ನೂ ಜಾರಿಗೆ ಬಂದಿಲ್ಲ" ಎನ್ನುತ್ತಿತ್ತು. ಮದರ್‌ಬೋರ್ಡಿನ ಮೂವತ್ತು ನಲವತ್ತು ರೂಪಾಯಿಯ ಬಟನ್ ಸೆಲ್ ಬದಲಿಸಿದರೆ ಮುಗಿಯಿತು. ಉಳಿದ ಗಣಕಗಳ ದೋಷಕ್ಕೆ ಕಾರಣ ಬೇರೆ: ಪ್ರಾಕ್ಸಿಯೇ ಎಚ್‌ಟಿಟಿಪಿಎಸ್ ಬಿಚ್ಚಿ ನೋಡಿ ತನ್ನದೇ ಸರ್ಟಿಫಿಕೇಟ್ ಕೊಡುತ್ತಿತ್ತು. ಅದರ ರೂಟ್ ಸರ್ಟಿಫಿಕೇಟನ್ನು ಪಿಇಎಂ ಎಂಬ ಪಠ್ಯ ರೂಪದಲ್ಲಿ ಕೇಳಿ ಪಡೆದು, ಪಿಪ್‌ನ ಸರ್ಟ್ ಸೆಟ್ಟಿಂಗಿಗೆ ದಾರಿ ತೋರಿಸಿದೆ. ಹೊರಗಿನ ತಾಣಗಳಿಗೆ ಟ್ರಸ್ಟೆಡ್ ಹೋಸ್ಟ್ (ಈ ತಾಣದ ಸರ್ಟಿಫಿಕೇಟ್ ನೋಡಬೇಡ ಎಂಬ ಆಯ್ಕೆ) ಹಾಕಿ ತಪ್ಪಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ, ಪರಿಶೀಲನೆಯೇ ಇಲ್ಲದ ಕೋಡು ಲ್ಯಾಬಿಗೆ ಬರುತ್ತದೆ.

ಡೇಟಾದ ಮಾತು. ಗಣಕಕ್ಕೆ ಸುಮಾರು 300 ಎಂಬಿ ಪ್ಯಾಕೇಜು, 24ಕ್ಕೆ ಏಳು ಜಿಬಿ. ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ನಾಲ್ಕು ದಿನ. ಇಳಿಸಿದ್ದನ್ನು ಉಳಿಸಿಕೊಳ್ಳಲಿ ಎಂದು ಹಳೆಯ ಡೆಸ್ಕ್‌ಟಾಪಿಗೆ ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶ ಹಾಕಿ 3128 ಪೋರ್ಟಿನಲ್ಲಿ ಕೂರಿಸಿದೆ. ಒಂದು ಪ್ಯಾಕೇಜೂ ಉಳಿಯಲಿಲ್ಲ: ಎಚ್‌ಟಿಟಿಪಿಎಸ್ ಕನೆಕ್ಟ್ ಸುರಂಗದಲ್ಲಿ ಹೋಗುವುದರಿಂದ, ಬಿಚ್ಚಿ ನೋಡುವ ಏರ್ಪಾಡಿಲ್ಲದ ನನ್ನ ಸ್ಕ್ವಿಡ್‌ಗೆ ಒಳಗಿನದು ಕಾಣುವುದೇ ಇಲ್ಲ.

ಕೊನೆಗೆ ಕೈಹಿಡಿದದ್ದು ವೀಲ್ (ಇನ್‌ಸ್ಟಾಲಿಗೆ ಸಿದ್ಧವಾದ ಪ್ಯಾಕೇಜ್ ಕಡತ) ಫೋಲ್ಡರ್. ಒಂದೇ ಗಣಕದಲ್ಲಿ ಪಿಪ್ ಡೌನ್‌ಲೋಡ್ ಮಾಡಿ, ಆ ಫೋಲ್ಡರನ್ನು ಪೈಥಾನಿನ ಎಚ್‌ಟಿಟಿಪಿ ಸರ್ವರಿನಿಂದ ಹಂಚಿ, ಉಳಿದವುಗಳಲ್ಲಿ ನೋ ಇಂಡೆಕ್ಸ್ (ಪೈಪಿಐಗೆ ಹೋಗಬೇಡ), ಫೈಂಡ್ ಲಿಂಕ್ಸ್ (ಈ ಫೋಲ್ಡರಿನಲ್ಲಿ ಹುಡುಕು) ಆಯ್ಕೆ ಕೊಟ್ಟು ಇನ್‌ಸ್ಟಾಲ್. ಪೈಥಾನ್ ಆವೃತ್ತಿ ಎಲ್ಲ ಕಡೆ ಒಂದೇ ಇರಬೇಕು. ಹಂಚುವ ಗಣಕದ ಐಪಿ ನೋ ಪ್ರಾಕ್ಸಿ (ಪ್ರಾಕ್ಸಿ ಬಿಟ್ಟು ನೇರ ಹೋಗಬೇಕಾದ ವಿಳಾಸಗಳ) ವೇರಿಯೇಬಲ್‌ನಲ್ಲಿ ಪೂರ್ತಿ ಬರೆದಿರಬೇಕು, ನಕ್ಷತ್ರ ಹಾಕಿದರೆ ಕೇಳುವುದಿಲ್ಲ. ಟ್ರಸ್ಟೆಡ್ ಹೋಸ್ಟ್ ಈ ಒಂದು ಐಪಿಗೆ ಮಾತ್ರ.

ಪಾಸ್‌ವರ್ಡ್ ಬದಲಾದಾಗ 24 ಕಡೆಗೂ ಒಮ್ಮೆಲೇ ತಲುಪಿಸುವ ಸ್ಕ್ರಿಪ್ಟ್ ನನ್ನ ಹತ್ತಿರವೇ ಇರಲಿ. ಪ್ಯಾಕೇಜು ಹಾಕಲು ಈಗ ಗಣಕಕ್ಕೆ ಎರಡು ನಿಮಿಷ ಸಾಕು.