ಸ್ಕೋರ್ 14–0 ಆದಾಗ ಕೋಚ್ ಏನು ಮಾಡಬೇಕು?

ಅಮೆರಿಕದ ಊರುಗಳಲ್ಲಿ ಚಳಿ ಹಿಂದೆ ಸರಿಯುತ್ತಿದ್ದಂತೆ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಶುರುವಾಗುತ್ತದೆ. ಬೇಸ್‌ಬಾಲ್‌ನಂಥದೇ ಆಟ, ಚೆಂಡು ದೊಡ್ಡದು, ಮೈದಾನ ಚಿಕ್ಕದು. ಊರಿನ ಲೀಗ್‌ಗಳಲ್ಲಿ ಸಂಬಳದ ಕೋಚ್‌ಗಳು ಇರುವುದಿಲ್ಲ. ಮಗಳ ಹೆಸರು ನೋಂದಾಯಿಸುವಾಗ ‘ಸ್ವಯಂಸೇವೆಗೆ ಸಿದ್ಧ’ ಎಂಬ ಚೌಕಕ್ಕೆ ಗುರುತು ಹಾಕಿದ ತಪ್ಪಿಗೆ ಒಂದಿಡೀ ತಂಡ ಕೊರಳಿಗೆ ಬೀಳುತ್ತದೆ. ಹೀಗೆ ಕೋಚ್ ಆದ ಕನ್ನಡಿಗರು ನನಗೆ ಗೊತ್ತಿರುವವರೇ ಹಲವರಿದ್ದಾರೆ. ಕ್ರಿಕೆಟ್ ಆಡಿ ಬೆಳೆದವರಾದ್ದರಿಂದ ಚೆಂಡು ಹಿಡಿಯುವುದು, ಎಸೆಯುವುದು ಚೆನ್ನಾಗಿಯೇ ಕಲಿಸುತ್ತಾರೆ. ಅವರು ತಡವರಿಸುವುದು ಪಂದ್ಯ ಪೂರ್ತಿ ಒಂದೇ ಕಡೆಗೆ ವಾಲಿದಾಗ.

ಆಗ ಎರಡು ಬಗೆಯ ಎಡವಟ್ಟುಗಳು ನಡೆಯುತ್ತವೆ. ಒಬ್ಬ ಕೋಚ್ ಏನೂ ಆಗಿಲ್ಲವೆಂಬಂತೆ ಮಕ್ಕಳನ್ನು ಓಡಿಸುತ್ತಲೇ ಇರುತ್ತಾನೆ, ಸ್ಕೋರ್ ಇಪ್ಪತ್ತು ದಾಟುತ್ತದೆ. ಇನ್ನೊಬ್ಬ ದೊಡ್ಡ ಮನಸ್ಸು ತೋರಿಸಲು ಹೋಗಿ, ಎದುರು ತಂಡಕ್ಕೂ ಕೇಳಿಸುವ ಹಾಗೆ ‘ಸಾಕು, ಇನ್ನು ಹೊಡೆಯಬೇಡಿ’ ಎಂದು ಕೂಗುತ್ತಾನೆ. ಎರಡನೆಯವನು ಮಾಡುವುದೇ ಹೆಚ್ಚಿನ ಅವಮಾನ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂಬತ್ತು ವರ್ಷದ ಹುಡುಗಿಗೆ ಸೋಲು ಗೊತ್ತಿರುತ್ತದೆ, ಕನಿಕರವೂ ಗೊತ್ತಾಗುತ್ತದೆ.

ಮೊದಲು ಕಾರಣ ತಿಳಿದುಕೊಳ್ಳಿ

ಏಕದಿನ ಕ್ರಿಕೆಟ್‌ನಲ್ಲಿ ಓವರ್‌ಗಳು ಮುಗಿದರೆ ಇನಿಂಗ್ಸ್ ಮುಗಿಯಿತು. ಟೆಸ್ಟ್‌ನಲ್ಲಿ ನಾಯಕ ಬೇಕೆಂದಾಗ ಡಿಕ್ಲೇರ್ ಮಾಡಬಹುದು. ಸಾಫ್ಟ್‌ಬಾಲ್‌ನಲ್ಲಿ ಇವೆರಡೂ ಇಲ್ಲ. ಪ್ಲೇಟ್ ಎಂಬ ಗುರುತಿನ ಬಳಿ ನಿಂತು ಹೊಡೆದವಳು ಮೂರು ಬೇಸ್‌ಗಳನ್ನು (ನೆಲೆಗಳನ್ನು) ಒಂದೊಂದಾಗಿ ಮುಟ್ಟಿ ಮತ್ತೆ ಪ್ಲೇಟ್‌ಗೆ ಬಂದರೆ ಒಂದು ರನ್. ಮೂವರು ಔಟ್ ಆಗುವವರೆಗೆ ಬ್ಯಾಟಿಂಗ್ ನಡೆಯುತ್ತಲೇ ಇರುತ್ತದೆ. ಜೊತೆಗೆ, ಕ್ರಿಕೆಟ್‌ನಲ್ಲಿ ವೈಡ್ ಹಾಕಿದರೆ ಒಂದು ರನ್ ಕೊಟ್ಟು ಮುಂದಕ್ಕೆ ಹೋಗಬಹುದು. ಇಲ್ಲಿ ಗುರಿ ತಪ್ಪಿದ ನಾಲ್ಕು ಎಸೆತಗಳಿಗೆ ಬ್ಯಾಟರ್ ಪುಕ್ಕಟೆಯಾಗಿ ಒಂದನೇ ಬೇಸ್‌ಗೆ ಹೋಗುತ್ತಾಳೆ. ಇದೇ ವಾಕ್. ಮೂರು ವಾಕ್ ಆದರೆ ಬೇಸ್‌ಗಳೆಲ್ಲ ಭರ್ತಿ, ನಾಲ್ಕನೆಯದಕ್ಕೆ ಒಂದು ರನ್, ಐದನೆಯದಕ್ಕೆ ಮತ್ತೊಂದು. ಯಾರೂ ಬ್ಯಾಟ್ ಬೀಸಬೇಕಾಗಿಯೇ ಇಲ್ಲ.

ಹತ್ತು ವರ್ಷದೊಳಗಿನವರ ವಿಭಾಗದಲ್ಲಿ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವಳು, ಪ್ಲೇಟ್‌ನಿಂದ 35 ಅಡಿ ದೂರ ನಿಂತು, 11 ಇಂಚು ಸುತ್ತಳತೆಯ ಚೆಂಡನ್ನು ಕೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟಕ್ಕಿಂತ ಕೆಳಗಿನಿಂದ ಬಿಡಬೇಕು. ದೊಡ್ಡವರಿಗೇ ಇದು ಸುಲಭವಲ್ಲ. ಒಂದು ತಂಡದಲ್ಲಿ ಇದು ಬರುವ ಹುಡುಗಿ ಒಬ್ಬಳಿದ್ದು ಇನ್ನೊಂದರಲ್ಲಿ ಯಾರೂ ಇಲ್ಲದಿದ್ದರೆ ಸ್ಕೋರ್ 14–0 ಆಗುತ್ತದೆ. ಉಳಿದ ಮಕ್ಕಳಲ್ಲಿ ಅಂಥ ವ್ಯತ್ಯಾಸವೇನೂ ಇರುವುದಿಲ್ಲ. ಗೆದ್ದ ತಂಡದ ಪಾಲಕರು ಈ ಮಾತನ್ನು ಒಪ್ಪುವುದಿಲ್ಲ, ಅದು ಬೇರೆ ವಿಷಯ.

ಹಂತ 1: ತಂಡ ಹಂಚುವ ದಿನ

ಋತುವಿಗೆ ಮುನ್ನ ಎಲ್ಲ ಮಕ್ಕಳ ಆಟ ನೋಡಿ, ಕೋಚ್‌ಗಳು ಸರದಿಯ ಮೇಲೆ ಹೆಸರು ಆರಿಸಿಕೊಳ್ಳುತ್ತಾರೆ. ಅಲ್ಲಿ ಪಿಚಿಂಗ್ ಬರುವ ಮಕ್ಕಳ ಪಟ್ಟಿಯನ್ನು ಬೇರೆ ಮಾಡಿ, ಪ್ರತಿ ತಂಡಕ್ಕೂ ಕಡೇಪಕ್ಷ ಒಬ್ಬಳು ಸಿಗಲೇಬೇಕೆಂದು ಪಟ್ಟು ಹಿಡಿಯಿರಿ. ‘ನನ್ನ ಸಹಾಯಕ ಕೋಚ್ ಇವರೇ ಆಗಬೇಕು’ ಎಂದು ಒಬ್ಬರು ಕೇಳಿದರೆ, ಆ ಸಹಾಯಕರ ಮಗಳು ಹೇಗೆ ಆಡುತ್ತಾಳೆಂದು ಮೊದಲು ವಿಚಾರಿಸಿ. ಬಲಿಷ್ಠ ತಂಡ ಕಟ್ಟುವ ಹಳೆಯ ಒಳದಾರಿ ಇದು. ಬೇರೆ ಊರುಗಳಿಗೆ ಹೋಗಿ ಟೂರ್ನಿ ಆಡುವ ಟ್ರಾವೆಲ್ ತಂಡಗಳ ಮಕ್ಕಳು ಊರಿನ ಲೀಗ್‌ಗೂ ಬಂದಿದ್ದರೆ ಅವರನ್ನೂ ಬಿಡಿಸಿ ಹಂಚಬೇಕು.

ಹಂತ 2: ನಿಯಮ ಓದಿಕೊಳ್ಳಿ

ಎರಡೂ ತಂಡಗಳು ಒಂದೊಂದು ಸಲ ಬ್ಯಾಟ್ ಮಾಡಿದರೆ ಇಲ್ಲಿ ಒಂದು ಇನಿಂಗ್ಸ್. ಮಕ್ಕಳ ಬೇಸ್‌ಬಾಲ್, ಸಾಫ್ಟ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆಯ ನಿಯಮಾವಳಿಯಲ್ಲಿ ಮೂರು ಇನಿಂಗ್ಸ್ ಮುಗಿದಾಗ 15 ರನ್, ನಾಲ್ಕು ಮುಗಿದಾಗ 10 ರನ್ ಅಂತರವಿದ್ದರೆ ಪಂದ್ಯ ನಿಲ್ಲಿಸುವ ಮರ್ಸಿ ರೂಲ್ ಇದೆ. ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಐದು ಇನಿಂಗ್ಸ್ ನಂತರ ಎಂಟು ರನ್ ಅಂತರ ಸಾಕು. ಚಿಕ್ಕ ಮಕ್ಕಳ ವಿಭಾಗಗಳಲ್ಲಿ ಒಂದು ಸರದಿಗೆ ಐದೇ ರನ್ ಎಂಬ ಮಿತಿ ಇಟ್ಟುಕೊಂಡ ಲೀಗ್‌ಗಳು ಬಹಳ. ನಿಮ್ಮ ಲೀಗ್‌ನಲ್ಲಿ ಏನಿದೆ ಎಂದು ಮೊದಲೇ ತಿಳಿದುಕೊಳ್ಳಿ.

ಆದರೆ ನಿಯಮವನ್ನೇ ನಂಬಿ ಕೂರಬೇಡಿ. ಮರ್ಸಿ ರೂಲ್ ಬಾಗಿಲು ತೆರೆಯುವುದು ಮೂರನೇ ಇನಿಂಗ್ಸ್ ಮುಗಿದ ಮೇಲೆ. ಮಕ್ಕಳ ಕಣ್ಣಲ್ಲಿ ನೀರು ಬರುವುದು ಮೊದಲ ಎರಡರಲ್ಲಿ.

ಹಂತ 3: ಮುಂದಿದ್ದೀರಿ. ಕಾಲಿಗೆ ಬ್ರೇಕ್ ಹಾಕಿ, ಕೈಗೆ ಬೇಡ

ಇಡೀ ಲೇಖನ ಬರೆದದ್ದೇ ಈ ಹಂತಕ್ಕಾಗಿ. ಹಲವರು ಮಕ್ಕಳ ಬ್ಯಾಟನ್ನು ತಡೆಯುತ್ತಾರೆ. ತಡೆಯಬೇಕಾದದ್ದು ಬೇಸ್‌ನಿಂದ ಬೇಸ್‌ಗೆ ಓಡುವುದನ್ನು.

ವಾರವೆಲ್ಲ ಕಾದು ಬಂದ ಹುಡುಗಿಗೆ ‘ಬೇಕೆಂದೇ ಔಟ್ ಆಗು’ ಎಂದು ಹೇಳುವ ಹಕ್ಕು ಯಾವ ಕೋಚ್‌ಗೂ ಇಲ್ಲ. ಬ್ಯಾಟಿಂಗ್ ಕ್ರಮದ ಕೊನೆಯಲ್ಲಿರುವ, ಋತುವಿನಲ್ಲಿ ಇನ್ನೂ ಒಂದು ಚೆಂಡನ್ನೂ ಮುಟ್ಟದ ಹುಡುಗಿಗೆ ಇಂಥ ಪಂದ್ಯವೇ ಅವಕಾಶ. ಅವಳು ಪೂರ್ತಿ ಬಲ ಹಾಕಿ ಬೀಸಲಿ. ಹೊಡೆದ ಮೇಲೆ ಎಷ್ಟು ಬೇಸ್ ಓಡಬೇಕು ಎಂಬುದಷ್ಟೇ ನಿಮ್ಮ ಕೈಯಲ್ಲಿರಲಿ.

ನಾನು ಬ್ರೇಕ್ ಹಾಕುವ ಕ್ರಮ ಹೀಗೆ. ಐದು ರನ್ ಮುಂದಿದ್ದರೆ ಬೇಸ್ ಕದಿಯುವುದು, ಅಂದರೆ ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡುವುದು, ಬಂದ್. ಎಂಟಾದರೆ ಕ್ಯಾಚರ್ (ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂರುವವಳು) ಕೈತಪ್ಪಿ ಹಿಂದಕ್ಕೆ ಹೋದ ಚೆಂಡಿಗೂ ಓಡುವಂತಿಲ್ಲ. ಹತ್ತಾದರೆ ಒಂದು ಹೊಡೆತಕ್ಕೆ ಒಂದೇ ಬೇಸ್. ಎದುರು ತಂಡದವರು ತಪ್ಪಾಗಿ ಎಸೆದು ಚೆಂಡು ಬೇಲಿಯವರೆಗೆ ಉರುಳಿದರೂ ಅಷ್ಟೇ. ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಾಗಿಸಿ ಹತ್ತಿರವೇ ಬೀಳಿಸುವ ಬಂಟ್ ಅಂತೂ ಅಂತರ ಮೂರು ದಾಟಿದ ಮೇಲೆ ನನ್ನ ತಂಡದಲ್ಲಿ ಇಲ್ಲವೇ ಇಲ್ಲ. ಚೆಂಡು ಹಿಡಿದು ನೇರ ಎಸೆಯಲು ಬಾರದ ಮಕ್ಕಳ ಎದುರು ಬಂಟ್ ಮಾಡಿಸುವುದು ಕಳ್ಳತನಕ್ಕೆ ಸಮ. ಈ ಅಂಕಿಗಳು ನನ್ನವು. ನಿಮಗೆ ಬೇರೆ ಸರಿಯೆನಿಸಬಹುದು, ಆದರೆ ಪಂದ್ಯದ ಬಿಸಿಯಲ್ಲಿ ಲೆಕ್ಕ ಹಾಕದೆ ಮನೆಯಿಂದಲೇ ತೀರ್ಮಾನಿಸಿಕೊಂಡು ಹೋಗಿ.

ಇದನ್ನು ಮಕ್ಕಳಿಗೆ ಹೇಳುವ ಜಾಗ ಡಗ್‌ಔಟ್, ಬ್ಯಾಟಿಂಗ್ ಶುರುವಾಗುವ ಮುಂಚೆ, ತಗ್ಗಿದ ದನಿಯಲ್ಲಿ. ಮೈದಾನದಲ್ಲಿ ಮೂರನೇ ಬೇಸ್ ಹತ್ತಿರ ನಿಂತ ಕೋಚ್ ಅಂಗೈ ಎತ್ತಿ ತೋರಿಸಿದರೆ ಸಾಕು.

ಆದರೂ ಕಷ್ಟದ ಗಳಿಗೆ ಬಂದೇ ಬರುತ್ತದೆ. ಮೂರನೇ ಬೇಸ್ ಮೇಲೆ ನಿಮ್ಮ ಹುಡುಗಿ ನಿಂತಿದ್ದಾಳೆ. ಚೆಂಡು ಕ್ಯಾಚರ್‌ನ ಕಾಲ ಸಂದಿಯಲ್ಲಿ ನುಸುಳಿ ಹಿಂದಿನ ಬೇಲಿಗೆ ತಗುಲಿ ನಿಂತಿದೆ. ತನ್ನ ಅಳತೆಗಿಂತ ದೊಡ್ಡದಾದ ಎದೆಕವಚ ತೊಟ್ಟ ಆ ಪುಟ್ಟ ಕ್ಯಾಚರ್, ಜಾಲರಿಯ ಮುಖವಾಡ ಕಣ್ಣಿಗೆ ಅಡ್ಡ ಬಂದು, ಚೆಂಡು ಎಲ್ಲಿ ಎಂದು ಸುತ್ತ ತಿರುಗುತ್ತಿದ್ದಾಳೆ. ಪ್ಲೇಟ್ ಖಾಲಿ. ಹುಡುಗಿ ನಿಮ್ಮ ಮುಖ ನೋಡುತ್ತಾಳೆ, ನೀವು ಅಂಗೈ ತೋರಿಸುತ್ತೀರಿ. ಅಷ್ಟರಲ್ಲಿ ಮಡಚುವ ಕುರ್ಚಿಯಿಂದ ಎದ್ದ ತಾತ, ಮೊಮ್ಮಗಳ ಆಟ ನೋಡಲು ದಾವಣಗೆರೆಯಿಂದ ಬಂದವರು, ‘ಓಡು ಪುಟ್ಟೀ, ಓಡು!’ ಎಂದು ಮೈದಾನ ನಡುಗುವಂತೆ ಕೂಗುತ್ತಾರೆ.

ಹುಡುಗಿ ಓಡಿದರೆ ಬೈಯಬೇಡಿ. ಇನಿಂಗ್ಸ್ ಮುಗಿದ ಮೇಲೆ ತಾತನ ಬಳಿ ಹೋಗಿ, ‘ಈಗ ಓಡಿಸುತ್ತಿಲ್ಲ, ಯಾಕೆಂದು ಆಮೇಲೆ ಹೇಳುತ್ತೇನೆ’ ಎನ್ನಿ. ಹುಡುಗಿ ಓಡದೆ ನಿಂತರೆ ಅವಳಿಗೆ ಬೇರೆ ಕೆಲಸ ಕೊಡಿ. ಸಾಫ್ಟ್‌ಬಾಲ್‌ನಲ್ಲಿ ಪಿಚರ್ ಕೈಯಿಂದ ಚೆಂಡು ಹೊರಡುವ ಮುನ್ನ ಬೇಸ್ ಬಿಟ್ಟವಳು ಔಟ್. ಚೆಂಡು ಹೊರಟ ಅದೇ ಗಳಿಗೆಗೆ ಕಾಲು ಕೀಳುವುದು, ಮೂರು ಹೆಜ್ಜೆ ಹೋಗಿ ವಾಪಸ್ ಬರುವುದು: ಇದನ್ನು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಕೆಲಸವಿಲ್ಲದೆ ನಿಲ್ಲಿಸಿದ ಮಗುವಿಗೆ ಅದು ಶಿಕ್ಷೆಯಂತೆ ಕಾಣುತ್ತದೆ.

ಬೇಗ ಇನಿಂಗ್ಸ್ ಮುಗಿಸಲು ಇದೇ ನಿಯಮವನ್ನು ತಿರುಗಿಸಿ, ‘ಬೇಕೆಂದೇ ಮೊದಲೇ ಕಾಲು ಕಿತ್ತು ಔಟ್ ಆಗು’ ಎಂದು ಕಲಿಸುವವರೂ ಇದ್ದಾರೆ. ಬಲಗೈ ಮಕ್ಕಳನ್ನು ಎಡಗೈಯಲ್ಲಿ ಆಡಿಸುವುದು ಇನ್ನೊಂದು ಜಾಣತನ. ಎರಡೂ ನಾಟಕ. ಎದುರು ಡಗ್‌ಔಟ್‌ನ ಮಕ್ಕಳು ಇದನ್ನು ತಕ್ಷಣ ಗುರುತಿಸುತ್ತಾರೆ.

ಫೀಲ್ಡಿಂಗ್‌ಗೆ ಇಳಿದಾಗ ಜಾಗ ಬದಲಿಸಿ. ಪಿಚರ್ ಮತ್ತು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವವಳು) ಔಟ್‌ಫೀಲ್ಡ್‌ಗೆ ಹೋಗಲಿ. ಬಲಬದಿಯ ಮೂಲೆಯಲ್ಲಿ ಹುಲ್ಲು ಕೀಳುತ್ತ ಕಾಲ ಕಳೆಯುವವಳು ಎರಡನೇ ಬೇಸ್‌ಗೆ ಬರಲಿ. ಒಂದು ಎಚ್ಚರಿಕೆ: ಚೆಂಡು ಹಿಡಿಯಲು ಬಾರದವಳನ್ನು ಒಂದನೇ ಬೇಸ್‌ನಲ್ಲಿ ನಿಲ್ಲಿಸಬೇಡಿ. ಅಲ್ಲಿಗೆ ಬರುವ ಎಸೆತ ನೇರ ಮುಖಕ್ಕೇ ಬರುತ್ತದೆ. ಹೊಸಬಳಿಗೆ ಪಿಚಿಂಗ್ ಕೊಡುವುದಾದರೆ ಮುಖ ಕಾಯುವ ಫೀಲ್ಡರ್ ಮಾಸ್ಕ್ ಹಾಕಿಯೇ ಕಳಿಸಿ. ಅವಳು ನಾಲ್ಕಾರು ವಾಕ್ ಕೊಟ್ಟರೆ ಕೊಡಲಿ, ನೀವು ಹದಿನಾಲ್ಕು ಮುಂದಿದ್ದೀರಿ.

ಇನ್ನು ಹಾಡುಗಳು. ಡಗ್‌ಔಟ್‌ನಲ್ಲಿ ಮಕ್ಕಳು ಬೇಲಿಯ ತಂತಿ ಹಿಡಿದು, ಕಾಲು ಕುಟ್ಟಿ, ಪ್ರಾಸ ಕಟ್ಟಿ ಕೂಗುವುದು ಈ ಆಟದ ಸೊಗಸು. ಆದರೆ ಅವುಗಳಲ್ಲಿ ಕೆಲವು ಎದುರಿನ ಪಿಚರ್‌ನ ತಲೆ ಕೆಡಿಸಲೆಂದೇ ಇರುವಂಥವು. ಸತತ ಆರನೇ ವಾಕ್ ಕೊಟ್ಟು ತುಟಿ ಕಚ್ಚಿಕೊಂಡು ನಿಂತವಳಿಗೆ ಅವು ಕೇಳಿಸಬಾರದು. ತಮ್ಮ ಬ್ಯಾಟರ್‌ನ ಹೆಸರು ಕೂಗಿ ಹುರಿದುಂಬಿಸುವ ಹಾಡು ಮಾತ್ರ ಇರಲಿ. ಹಾಡನ್ನೇ ನಿಲ್ಲಿಸಿದರೆ ಮಕ್ಕಳು ಮಣ್ಣು ಎರಚಿಕೊಳ್ಳಲು ಶುರುಮಾಡುತ್ತಾರೆ.

ಕ್ರೀಡಾಮನೋಭಾವದ ಮಾತು ಬಂದಾಗಲೆಲ್ಲ 2008ರ ಘಟನೆ ಹೇಳುತ್ತಾರೆ. ವೆಸ್ಟರ್ನ್ ಓರೆಗಾನ್ ವಿಶ್ವವಿದ್ಯಾಲಯದ ಸಾರಾ ಟುಕೋಲ್ಸ್ಕಿ ಚೆಂಡನ್ನು ಬೇಲಿಯಾಚೆ ಕಳಿಸುವ ಹೋಮ್‌ರನ್ ಹೊಡೆದು, ಒಂದನೇ ಬೇಸ್ ಬಳಿ ಮೊಣಕಾಲಿಗೆ ಪೆಟ್ಟಾಗಿ ಬಿದ್ದಾಗ, ಎದುರಾಳಿ ಸೆಂಟ್ರಲ್ ವಾಷಿಂಗ್ಟನ್‌ನ ಇಬ್ಬರು ಆಟಗಾರ್ತಿಯರೇ ಅವಳನ್ನು ಎತ್ತಿಕೊಂಡು ಉಳಿದ ಬೇಸ್‌ಗಳನ್ನೆಲ್ಲ ಮುಟ್ಟಿಸಿದರು. ದೊಡ್ಡತನವೇ, ಸಂಶಯವಿಲ್ಲ. ಆದರೆ ಅದು ಒಂದು ಗಳಿಗೆಯ ನಿರ್ಧಾರ. ಏಕಪಕ್ಷೀಯ ಪಂದ್ಯದಲ್ಲಿ ಒಂದೂವರೆ ತಾಸು, ಯಾರೂ ಗಮನಿಸದ ಹಾಗೆ, ಹಿಡಿತದಲ್ಲಿರಬೇಕು.

ಹಂತ 4: ಹಿಂದಿದ್ದೀರಿ

ಪಿಚರ್ ಸಾಲುಸಾಲು ವಾಕ್ ಕೊಡುತ್ತಿದ್ದರೆ ಬೇಗ ಅವಳ ಬಳಿ ಹೋಗಿ. ದೂರದಿಂದ ‘ಮೊಣಕೈ, ಮಣಿಕಟ್ಟು, ಹೆಜ್ಜೆ’ ಎಂದು ಮೂರು ಸಲಹೆ ಕೂಗಿದರೆ ಇದ್ದ ಒಂದು ಎಸೆತವೂ ಕೆಡುತ್ತದೆ. ಹತ್ತಿರ ಹೋಗಿ ಒಂದೇ ಮಾತು ಹೇಳಿ: ಕ್ಯಾಚರ್‌ನ ಕೈಗವಸನ್ನು ನೋಡು. ಸತತ ನಾಲ್ಕು ವಾಕ್ ಆದರೆ ಬದಲಿಸಿ. ಬದಲಿಸಿದವಳನ್ನು ಬೆಂಚಿಗೆ ಕಳಿಸಬೇಡಿ. ಎರಡನೇ ಬೇಸ್‌ನಲ್ಲೋ ಮೂರನೆಯದರಲ್ಲೋ ಆಡಲಿ. ಬೆಂಚಿನಲ್ಲಿ ಕೂತವಳು ಅಳುತ್ತಾಳೆ, ಆಡುತ್ತಿರುವವಳು ಮರೆಯುತ್ತಾಳೆ.

ಸ್ಕೋರ್ ಮಾತೇ ಬೇಡ. ‘ಗೆಲುವು ಸೋಲು ಮುಖ್ಯವಲ್ಲ, ಖುಷಿಯಾಗಿರಿ’ ಎಂಬ ಭಾಷಣವೂ ಬೇಡ, ಅದು ಸೋತವರಿಗಷ್ಟೇ ಕೊಡುವ ಭಾಷಣವೆಂದು ಮಕ್ಕಳಿಗೆ ಗೊತ್ತು. ಈ ಇನಿಂಗ್ಸ್‌ನಲ್ಲಿ ಮಾಡಬಹುದಾದ ಒಂದು ಕೆಲಸ ಹೇಳಿ: ಒಂದನೇ ಬೇಸ್‌ನಲ್ಲಿ ಒಬ್ಬಳನ್ನು ಔಟ್ ಮಾಡೋಣ. ಅದು ಆದಾಗ ಗೆದ್ದಷ್ಟೇ ಜೋರಾಗಿ ಕುಣಿಯಿರಿ.

ಎದುರು ಕೋಚ್ ಓಡಿಸುತ್ತಲೇ ಇದ್ದರೆ ಇನಿಂಗ್ಸ್ ಮಧ್ಯೆ ಹೋಗಿ ನೇರವಾಗಿ, ನಗುತ್ತ ಕೇಳಿ: ‘ಇನ್ನು ಬೇಸ್ ಕದಿಯುವುದು ನಿಲ್ಲಿಸೋಣವೇ?’ ಬಹುತೇಕರು ಒಪ್ಪುತ್ತಾರೆ, ಅವರಿಗೆ ಹೊಳೆದಿರುವುದಿಲ್ಲ ಅಷ್ಟೇ. ಅಂಪೈರ್ ಹತ್ತಿರ ದೂರಿ ಪ್ರಯೋಜನವಿಲ್ಲ. ನಿಯಮದಲ್ಲಿ ಇಲ್ಲದ್ದನ್ನು ಅವರು ಜಾರಿ ಮಾಡುವಂತಿಲ್ಲ.

ಸೋತ ಬಳಿಕ ಪಾಲಕರು ಸಾಮಾನು ಕೊಳ್ಳಲು ಹೊರಡುತ್ತಾರೆ. ಮುನ್ನೂರು, ನಾನೂರು ಡಾಲರಿನ ಕಾಂಪೊಸಿಟ್ ಬ್ಯಾಟ್ ಬೇಡವೇ ಬೇಡ. ತಂಡ ಸೋತದ್ದು ಹೊಡೆಯಲಾಗದೆ ಅಲ್ಲ, ಔಟ್ ಮಾಡಲಾಗದೆ. ಅಂಗಡಿಯ ಕೆಳಗಿನ ಸಾಲಿನಲ್ಲಿ ಸಿಗುವ ಬಣ್ಣಬಣ್ಣದ ಪ್ಲಾಸ್ಟಿಕ್ ಕೈಗವಸನ್ನು ಬಿಸಾಡಿ. ಬೆರಳು ಮಡಚಿದರೂ ಅದು ಮುಚ್ಚಿಕೊಳ್ಳುವುದಿಲ್ಲ, ಚೆಂಡು ತಾಗಿ ಪುಟಿದು ಹೋಗುತ್ತದೆ. ಯಾರೋ ಬಳಸಿ ಮೆದುವಾದ 11 ಅಥವಾ 12 ಇಂಚಿನ ಚರ್ಮದ ಕೈಗವಸು ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೆ ಅದೇ ಶ್ರೇಷ್ಠ.

ಹಂತ 5: ಬೇಲಿಯಾಚೆಯ ದೊಡ್ಡವರು

ನಮ್ಮವರಿಗೆ ನೆಟ್ ರನ್ ರೇಟ್‌ನ ಗೀಳು. ‘ಮುಂದೆ ಲೆಕ್ಕಕ್ಕೆ ಬರಬಹುದು, ಸಿಕ್ಕಷ್ಟು ಹೊಡೆಯಲಿ’ ಎನ್ನುತ್ತಾರೆ. ನಿಮ್ಮ ಲೀಗ್‌ನ ಪಟ್ಟಿಯಲ್ಲಿ ರನ್ ಅಂತರಕ್ಕೆ ಬೆಲೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಋತುವಿನ ಮೊದಲ ಸಭೆಯಲ್ಲೇ ಅದನ್ನು ಹೇಳಿಬಿಡಿ. ಸ್ಕೋರ್ ತೋರಿಸುವ ಮೊಬೈಲ್ ಆ್ಯಪ್ ಇಟ್ಟುಕೊಂಡವರು ಡಗ್‌ಔಟ್ ಕಡೆಗೆ ಬಂದು ಅಂಕಿ ಓದಿ ಹೇಳಬಾರದು.

ಹಂತ 6: ಕೈಕುಲುಕುವುದು

ಸಾಲಾಗಿ ನಿಂತು, ಎಲ್ಲರ ಕೈ ಮುಟ್ಟಿ, ತಿಂಡಿ ಹಂಚಿ.

ಮರ್ಸಿ ರೂಲ್‌ನಿಂದ ಪಂದ್ಯ ಬೇಗ ನಿಂತು ಮೈದಾನದ ಸಮಯ ಇನ್ನೂ ಉಳಿದಿದ್ದರೆ ಮಾತ್ರ ಒಂದು ಕೆಲಸ ಮಾಡಬಹುದು. ಎದುರು ಕೋಚ್‌ನನ್ನು ಕೇಳಿ, ಎರಡೂ ತಂಡಗಳನ್ನು ಬೆರೆಸಿ ಆಡಿಸಿ: ನಿಮ್ಮ ಪಿಚರ್ ಅವರ ಕ್ಯಾಚರ್‌ಗೆ ಎಸೆಯಲಿ, ಸ್ಕೋರ್ ಬರೆಯುವುದು ಬೇಡ. ಅಂಪೈರ್ ಹೊರಟುಹೋದರೆ ಬಾಲು (ಗುರಿ ತಪ್ಪಿದ ಎಸೆತ), ಸ್ಟ್ರೈಕು (ಗುರಿಗೆ ಬಿದ್ದದ್ದು) ಹೇಳಲು ಯಾರಾದರೂ ಪಾಲಕರನ್ನು ನಿಲ್ಲಿಸಿ. ಪ್ಲೇಟ್ ಹಿಂದೆ ಬೇಡ, ಪಿಚರ್‌ನ ಬೆನ್ನ ಹಿಂದೆ. ಮುಂದಿನ ಪಂದ್ಯದ ತಂಡಗಳು ಚೀಲ ಹೊತ್ತು ಬೇಲಿಯ ಬಳಿ ಬಂದ ಕೂಡಲೇ ಜಾಗ ಖಾಲಿ ಮಾಡಿ.